ಕಾಣುತ್ತಿರುವಾಗಲೇ ತೋರಿಸಬೇಕಾದ ಕಣ್ಣು



ಕಳೆದ ಕಾರ್ತಿಕದಲ್ಲಿ ಸೋದರಮಾವನವರನ್ನು ಕಂಡುಬರಲು ಊರಿಗೆ ಹೋಗಿದ್ದೆ. ಅವರು ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರಾಗಿದ್ದು ನಿವೃತ್ತರಾದವರು. ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕುಳಿತು ವಚನಗ್ರಂಥವನ್ನು ಗಟ್ಟಿಯಾಗಿ ಓದುವುದು, ಮನೆಮಂದಿಯೆಲ್ಲ ಕುಳಿತು ಕೇಳುವುದು ಆ ಮನೆಯಲ್ಲಿ ನಾನು ಬಾಲ್ಯದಿಂದ ಕಂಡ ಪದ್ಧತಿ. ಆ ಸಂಜೆಯೂ ಓದು ನಡೆಯಿತು. ಆದರೆ ಗ್ರಂಥವು ಮಾವನವರ ಮುಂದಿರಲಿಲ್ಲ. ಎಂಟನೆಯ ತರಗತಿಯ ಮೊಮ್ಮಗಳ ಕೈಯಲ್ಲಿತ್ತು. ಅವಳು ತಡವರಿಸಿದಲ್ಲೆಲ್ಲ ಅವರು ನೆನಪಿನಿಂದಲೇ ತಿದ್ದುತ್ತಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷಗಳಾಗಿದ್ದವು. ಗುಳಿಗೆಗಳನ್ನು ತಪ್ಪದೆ ನುಂಗುತ್ತಿದ್ದರು. ಎರಡು ವರ್ಷಗಳ ಹಿಂದೆ ಅಕ್ಷರಗಳು ಮಸುಕಾಗತೊಡಗಿದಾಗ ಪೇಟೆಗೆ ಹೋಗಿ ಕನ್ನಡಕ ಬದಲಾಯಿಸಿದರು. ಆರು ತಿಂಗಳಿಗೆ ಅದೂ ಸಾಲದಾಯಿತು, ಮತ್ತೆ ಬದಲಾಯಿಸಿದರು. "ಪೊರೆ ಬರುತ್ತಿರಬೇಕು, ಇನ್ನಷ್ಟು ಬಲಿಯಲಿ, ಆಮೇಲೆ ತೆಗೆಸಿದರಾಯಿತು" ಎಂದು ಸುಮ್ಮನಾದರು. ಒಂದು ಮುಂಜಾನೆ ಬಲಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲಿದಂತಾಯಿತು. ಸಂಜೆಯ ಹೊತ್ತಿಗೆ ಆ ಕಣ್ಣಿಗೆ ಕಂಬಳಿ ಹೊದಿಸಿದಂತೆ ಕತ್ತಲೆ ಕವಿಯಿತು. ಕಣ್ಣಿನೊಳಗೆ ರಕ್ತ ಸುರಿದಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಆ ಕಣ್ಣಿಗೆ ಬೆಳಕು ಮರಳಿತು, ಅಕ್ಷರ ಮರಳಲಿಲ್ಲ. ಎಡಗಣ್ಣಿಗೂ ಅದೇ ರೋಗ ತಗಲಿತ್ತಾದರೂ ಲೇಸರ್ ಮತ್ತು ಚುಚ್ಚುಮದ್ದುಗಳಿಂದ ಅದನ್ನು ತಡೆಯಲಾಯಿತು. ಈಗ ಅವರು ಮನೆಯೊಳಗೆ ಒಬ್ಬರೇ ಓಡಾಡುತ್ತಾರೆ, ಬಂದವರ ಮುಖ ಗುರುತಿಸುತ್ತಾರೆ, ಓದಲಾರರು.

"ತಮ್ಮಾ, ಒಂದು ಚೂರಾದರೂ ನೋವಾಗಿದ್ದರೆ ಮೊದಲ ದಿನವೇ ಆಸ್ಪತ್ರೆಗೆ ಓಡುತ್ತಿದ್ದೆ. ನೋಯಲೇ ಇಲ್ಲವಲ್ಲ" ಎಂದರು.

ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತಿದೆ. ವೈದ್ಯನಾದ ನಾನು ಹಬ್ಬ ಹುಣ್ಣಿಮೆಗಳಲ್ಲಿ ಅವರ ಮನೆಗೆ ಹೋದಾಗಲೆಲ್ಲ "ಮಾವ, ಸಕ್ಕರೆ ಎಷ್ಟಿದೆ?" ಎಂದು ಕೇಳಿದ್ದುಂಟು. "ಕಣ್ಣಿನ ಒಳಭಾಗವನ್ನು ತೋರಿಸಿದಿರಾ?" ಎಂದು ಒಮ್ಮೆಯೂ ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಓದುಗರು ತಮ್ಮ ತಮ್ಮ ಮನೆಗಳಲ್ಲಿ ಕೇಳುವಂತಾಗಲೆಂದು ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪೊರೆಯೇ ಬೇರೆ, ಈ ರೋಗವೇ ಬೇರೆ

ಮಾವನವರು ಪೊರೆಯೆಂದು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಉಚಿತ ನೇತ್ರ ಶಿಬಿರಗಳನ್ನು ನಮ್ಮ ಹಿರಿಯರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಕೈ ಹಿಡಿದು ಕರೆತಂದ ಮುದುಕ ಮುದುಕಿಯರು ಕಣ್ಣು ಪಡೆದು ತಾವಾಗಿಯೇ ನಡೆದು ಹೋದುದನ್ನು ಕಂಡ ತಲೆಮಾರು ಅದು. ಆದುದರಿಂದ ಕಣ್ಣು ಮಂಜಾದರೆ ಪೊರೆ, ಪೊರೆ ತೆಗೆದರೆ ದೃಷ್ಟಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪೊರೆಯ ವಿಷಯದಲ್ಲಿ ಅದು ನಿಜವೇ. ಕಣ್ಣಿನ ಮಸೂರವು ಮಬ್ಬಾಗುವುದೇ ಪೊರೆ. ಆ ಮಸೂರವನ್ನು ತೆಗೆದು ಕೃತಕ ಮಸೂರವನ್ನಿಟ್ಟರೆ, ಕಣ್ಣಿನ ಉಳಿದ ಭಾಗಗಳು ಚೆನ್ನಾಗಿದ್ದಲ್ಲಿ, ದೃಷ್ಟಿ ಮರಳುತ್ತದೆ. ಸ್ವಲ್ಪ ತಡವಾದರೂ ಸಾಮಾನ್ಯವಾಗಿ ಹಾನಿಯಿಲ್ಲ.

ಮಧುಮೇಹವು ಕೆಡಿಸುವುದು ಮಸೂರವನ್ನಷ್ಟೇ ಅಲ್ಲ. ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ತೆಳ್ಳಗಿನ ಪೊರೆಗಾಗದದಂತೆ ಅಂಟಿಕೊಂಡಿರುವ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ಅದು ಕೆಡಿಸುತ್ತದೆ. ನಾವು ನೋಡುವ ವಸ್ತುವಿನ ಬಿಂಬ ಮೂಡುವುದು ಅಲ್ಲಿಯೇ. ಅಲ್ಲಿಂದ ನರದ ಮೂಲಕ ಸಂದೇಶವು ಮಿದುಳಿಗೆ ತಲುಪುತ್ತದೆ. ಮಸೂರವನ್ನು ಬದಲಾಯಿಸಬಹುದು, ಅಕ್ಷಿಪಟಲವನ್ನು ಬದಲಾಯಿಸಲಾಗದು. ಅಲ್ಲಿಯ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪೊರೆಗೆ ಕಾಯ್ದಂತೆ ಈ ರೋಗಕ್ಕೆ ಕಾಯಬಾರದೆಂಬುದಕ್ಕೆ ಇದೇ ಕಾರಣ.

ರೋಗ ನಡೆಯುವ ಬಗೆ

ಅಕ್ಷಿಪಟಲಕ್ಕೆ ಆಹಾರ ಮತ್ತು ಆಮ್ಲಜನಕಗಳನ್ನು ಒದಗಿಸುವುದು ಕೂದಲಿಗಿಂತಲೂ ಸಣ್ಣದಾದ ರಕ್ತನಾಳಗಳು. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ಈ ನಾಳಗಳ ಗೋಡೆಗಳು ಸಡಿಲಗೊಳ್ಳುತ್ತವೆ. ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಉಬ್ಬುತ್ತವೆ; ಅವುಗಳಿಂದ ರಕ್ತವೂ ಜಿಡ್ಡುಭರಿತ ದ್ರವವೂ ಜಿನುಗುತ್ತವೆ. ಈ ಹಂತದಲ್ಲಿ ರೋಗಿಗೆ ಏನೂ ತಿಳಿಯುವುದಿಲ್ಲ. ಕಣ್ಣು ಕೆಂಪಾಗದು, ನೀರು ಸುರಿಯದು, ನೋಯದು. ಗೋಡೆಯ ಮೇಲಿನ ಪಂಚಾಂಗದ ಅಕ್ಷರಗಳೂ ನಿಚ್ಚಳವಾಗಿಯೇ ಕಾಣುತ್ತವೆ.

ಮುಂದೆ ಹಾನಿಯು ಎರಡು ದಾರಿ ಹಿಡಿಯುತ್ತದೆ. ಮೊದಲನೆಯದು ಬಾವು. ಅಕ್ಷಿಪಟಲದ ನಟ್ಟನಡುವೆ, ಓದಲು, ಸೂಜಿಗೆ ದಾರ ಪೋಣಿಸಲು, ಮುಖ ಗುರುತಿಸಲು ನೆರವಾಗುವ ಸಣ್ಣದೊಂದು ತಾಣವಿದೆ. ವೈದ್ಯರು ಅದನ್ನು ಮ್ಯಾಕ್ಯುಲಾ ಎನ್ನುತ್ತಾರೆ. ಜಿನುಗಿದ ದ್ರವವು ಅಲ್ಲಿ ನಿಂತು ಬಾವು ಬಂದರೆ ಅಕ್ಷರಗಳು ಮಸುಕಾಗುತ್ತವೆ. ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ. ಎರಡನೆಯದು ರಕ್ತದ ಕೊರತೆ. ಸಣ್ಣ ನಾಳಗಳು ಮುಚ್ಚಿಹೋದಾಗ ಉಸಿರು ಕಟ್ಟಿದಂತಾದ ಅಕ್ಷಿಪಟಲವು ಹೊಸ ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ರಾಸಾಯನಿಕವನ್ನು ಸ್ರವಿಸುತ್ತದೆ. ಹೀಗೆ ಹುಟ್ಟುವ ಹೊಸ ನಾಳಗಳು ಅತಿ ದುರ್ಬಲ. ಅವು ಒಡೆದರೆ ಕಣ್ಣಿನೊಳಗಿನ ಲೋಳೆಯಂಥ ದ್ರವದಲ್ಲಿ ರಕ್ತ ಸುರಿಯುತ್ತದೆ. ಅವುಗಳ ಜೊತೆ ಬೆಳೆಯುವ ಗಟ್ಟಿ ಎಳೆಗಳು ಸಂಕುಚಿಸಿ ಅಕ್ಷಿಪಟಲವನ್ನೇ ಗೋಡೆಯಿಂದ ಎಳೆದು ಕಿತ್ತುಬಿಡಬಹುದು. ಮಾವನವರ ಬಲಗಣ್ಣಿಗೆ ಆದುದು ಇದೇ.

ಇದು ಎಲ್ಲೋ ಒಬ್ಬಿಬ್ಬರ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ವರ್ಷ ದಾಟಿದ ಮಧುಮೇಹಿಗಳ ಪೈಕಿ ಶೇಕಡಾ 16.9ರಷ್ಟು ಜನರ ಅಕ್ಷಿಪಟಲದಲ್ಲಿ ಈ ರೋಗ ಕಂಡುಬಂದಿತು. ಅಂದರೆ ಆರು ಜನರಲ್ಲಿ ಒಬ್ಬರಿಗೆ. ಮಧುಮೇಹವು ಹಳೆಯದಾದಷ್ಟೂ ಈ ಸಂಭವ ಹೆಚ್ಚುತ್ತದೆ.

ತಡೆಯುವ ಬಗೆ

ಈ ರೋಗವನ್ನು ಬಹುಮಟ್ಟಿಗೆ ತಡೆಯಬಹುದೆಂಬುದು ಬರಿಯ ಸಮಾಧಾನದ ಮಾತಲ್ಲ; ದೀರ್ಘಕಾಲದ ಅಧ್ಯಯನಗಳಿಂದ ಸಿದ್ಧವಾದ ಸಂಗತಿ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ, ಇನ್ಸುಲಿನ್ ಅವಲಂಬಿಸಿದ 1,441 ಮಧುಮೇಹಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂದಿತು. ಆರಂಭದಲ್ಲಿ ಕಣ್ಣಿನ ರೋಗವಿಲ್ಲದಿದ್ದವರ ಪೈಕಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಈ ರೋಗ ಬರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗಿತ್ತು. ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಮಧುಮೇಹದ ಬಗ್ಗೆ ಇಂಗ್ಲೆಂಡಿನ ಸುದೀರ್ಘ ಅಧ್ಯಯನವು 1998ರಲ್ಲಿ ಇನ್ನೊಂದು ಮುಖ್ಯ ಪಾಠ ಕಲಿಸಿತು. ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಅಕ್ಷಿಪಟಲದ ರೋಗ ಮುಂದುವರಿಯುವ ಸಂಭವವು ಮೂರನೆಯ ಒಂದು ಪಾಲು ತಗ್ಗುತ್ತದೆ.

ಆದುದರಿಂದ ಕಣ್ಣನ್ನು ಕಾಯಬಯಸುವ ಮಧುಮೇಹಿಯು ಸಕ್ಕರೆಯೊಂದನ್ನೇ ನೋಡಿದರೆ ಸಾಲದು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಬಹುತೇಕರಲ್ಲಿ 7ರ ಆಸುಪಾಸಿನಲ್ಲಿರಬೇಕು. ವಯಸ್ಸಾದವರಿಗೂ ಬೇರೆ ಕಾಯಿಲೆಗಳಿರುವವರಿಗೂ ಎಷ್ಟಿರಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ರಕ್ತದೊತ್ತಡ, ರಕ್ತದ ಕೊಬ್ಬು, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂಬುದು, ರಕ್ತಹೀನತೆ, ಇವೆಲ್ಲವನ್ನೂ ಗಮನಿಸಬೇಕು. ಮೂತ್ರಪಿಂಡ ಸೋತರೆ ಕಣ್ಣೂ ಸೋಲುವುದು ಸಾಮಾನ್ಯ. ತಂಬಾಕು, ಬೀಡಿ, ಸಿಗರೇಟುಗಳನ್ನು ಬಿಡಲೇಬೇಕು.

ಆಹಾರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. "ಸಕ್ಕರೆ ಬೇಡ, ಬೆಲ್ಲವಾದರೆ ಅಡ್ಡಿಯಿಲ್ಲ" ಎಂದು ಹೋಳಿಗೆ, ಮಾದಲಿಗಳನ್ನು ಬಡಿಸುವವರು ಪ್ರೀತಿಯಿಂದಲೇ ಬಡಿಸುತ್ತಾರೆ. ಬೆಲ್ಲವೂ ಜೇನುತುಪ್ಪವೂ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತವೆ. ಜೋಳದ ರೊಟ್ಟಿಯನ್ನೂ ಲೆಕ್ಕವಿಲ್ಲದೆ ತಿನ್ನುವಂತಿಲ್ಲ; ಅಳತೆಯಿರಬೇಕು, ಜೊತೆಗೆ ಪಲ್ಯ, ಕಾಳು, ಹಸಿ ತರಕಾರಿಗಳು ಹೆಚ್ಚಾಗಿರಬೇಕು. ಕಣ್ಣಿಗೆ ಜೇನುತುಪ್ಪ, ಎಲೆಯ ರಸ, ಎದೆಹಾಲು ಹಾಕುವುದರಿಂದ ಅಕ್ಷಿಪಟಲಕ್ಕೆ ಎಳ್ಳಷ್ಟೂ ಪ್ರಯೋಜನವಿಲ್ಲ. ಸೋಂಕು ತಗಲಿದರೆ ಇರುವ ದೃಷ್ಟಿಗೂ ಅಪಾಯ.

ಇನ್ನೊಂದು ಎಚ್ಚರಿಕೆ. ಬಹುಕಾಲ ಏರಿದ್ದ ಸಕ್ಕರೆಯು ಒಮ್ಮೆಲೇ ವೇಗವಾಗಿ ಇಳಿದಾಗ, ಮೊದಲೇ ಇದ್ದ ಕಣ್ಣಿನ ರೋಗವು ಕೆಲವರಲ್ಲಿ ತಾತ್ಕಾಲಿಕವಾಗಿ ಹೆಚ್ಚುವುದುಂಟು. ಇದಕ್ಕಾಗಿ ಔಷಧಿಯನ್ನಾಗಲಿ ಇನ್ಸುಲಿನ್ನನ್ನಾಗಲಿ ಬಿಡಬಾರದು. ಹತೋಟಿಯಿಂದ ಕಾಲಕ್ರಮದಲ್ಲಿ ಲಾಭವೇ ಹೆಚ್ಚು. ಚಿಕಿತ್ಸೆಯನ್ನು ಬಿಗಿಗೊಳಿಸುವ ಮುನ್ನ ಕಣ್ಣು ತೋರಿಸಿಕೊಂಡಿರಬೇಕು, ಅಷ್ಟೆ.

ಯಾವಾಗ ತೋರಿಸಬೇಕು?

ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿ ನಂಬರು ನೋಡುವುದು ಬೇರೆ. ಅಕ್ಷಿಪಟಲದ ಪರೀಕ್ಷೆ ಬೇರೆ. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1851ರಲ್ಲಿ ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡುವ ಉಪಕರಣವನ್ನು ಜಗತ್ತಿಗೆ ತಿಳಿಸಿದಂದಿನಿಂದ, ದೇಹವನ್ನು ಕೊಯ್ಯದೆಯೇ ರಕ್ತನಾಳಗಳನ್ನು ಕಣ್ಣಾರೆ ಕಾಣುವ ಅವಕಾಶ ವೈದ್ಯರಿಗೆ ದೊರೆಯಿತು. ಈಗ ಪಾಪೆಯನ್ನು ಹಿಗ್ಗಿಸುವ ಹನಿಮದ್ದು ಹಾಕಿ, ಅರ್ಧ ಗಂಟೆಯ ಬಳಿಕ ನೇತ್ರತಜ್ಞರು ಒಳಭಾಗವನ್ನು ನೋಡುತ್ತಾರೆ. ವಿಶೇಷ ಕ್ಯಾಮರಾದಿಂದ ಅಕ್ಷಿಪಟಲದ ಛಾಯಾಚಿತ್ರ ತೆಗೆಯುವುದೂ ಉಂಟು. ಬಾವಿನ ಸಂಶಯವಿದ್ದರೆ ಓಸಿಟಿ ಎಂಬ ಯಂತ್ರದಿಂದ ಅಕ್ಷಿಪಟಲದ ಪದರಗಳನ್ನು ಪರಿಶೀಲಿಸುತ್ತಾರೆ. ಇವಾವುದರಲ್ಲಿಯೂ ನೋವಿಲ್ಲ. ಹನಿಮದ್ದಿನಿಂದ ಕೆಲವು ಗಂಟೆಗಳ ಕಾಲ ಹತ್ತಿರದ್ದು ಮಸುಕಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಆದ ಕಾರಣ ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಮರಳುವಾಗ ತಾವೇ ವಾಹನ ನಡೆಸಬಾರದು.

ಕಾಲದ ಲೆಕ್ಕ ಹೀಗಿದೆ. ನಡುವಯಸ್ಸಿನ ಸಾಮಾನ್ಯ ಮಧುಮೇಹವಾದರೆ, ಕಾಯಿಲೆಯೆಂದು ಗೊತ್ತಾದ ಕೂಡಲೇ ಮೊದಲ ಪರೀಕ್ಷೆ. ಏಕೆಂದರೆ ಕಾಯಿಲೆಯು ಗೊತ್ತಾಗುವುದಕ್ಕೆ ವರ್ಷಗಳ ಮೊದಲೇ ಬಂದಿರಬಹುದು. ಆಮೇಲೆ ವರ್ಷಕ್ಕೊಮ್ಮೆ; ರೋಗದ ಚಿಹ್ನೆಗಳು ಕಂಡರೆ ತಜ್ಞರು ಹೇಳಿದಷ್ಟು ಸಲ. ಚಿಕ್ಕ ವಯಸ್ಸಿನಲ್ಲಿಯೇ ಇನ್ಸುಲಿನ್ ಬೇಕಾಗುವ ಮಧುಮೇಹವಾದರೆ, ಕಾಯಿಲೆ ಆರಂಭವಾದ ಐದು ವರ್ಷಗಳೊಳಗೆ ಮೊದಲ ಪರೀಕ್ಷೆ, ಬಳಿಕ ವರ್ಷಕ್ಕೊಮ್ಮೆ. ಮೊದಲೇ ಮಧುಮೇಹವಿರುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುನ್ನ ಅಥವಾ ಮೊದಲ ಮೂರು ತಿಂಗಳೊಳಗೆ ತಪ್ಪದೆ ತೋರಿಸಿಕೊಂಡು, ಬಾಣಂತನ ಮುಗಿಯುವವರೆಗೂ ತಜ್ಞರ ಸಲಹೆಯಂತೆ ನಡೆಯಬೇಕು. ಬಸಿರಿನಲ್ಲಿ ಈ ರೋಗವು ಬೇಗ ಹೆಚ್ಚಬಹುದು. ಮಧುಮೇಹಿಗಳು ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲೂ ಅಕ್ಷಿಪಟಲವನ್ನು ತೋರಿಸಿಕೊಳ್ಳುವುದು ಅಗತ್ಯ.

ವರ್ಷದ ಸರದಿಗೆ ಕಾಯದೆ ಆ ದಿನವೇ ಹೊರಡಬೇಕಾದ ಸಂದರ್ಭಗಳೂ ಇವೆ: ಒಮ್ಮೆಲೇ ಕಪ್ಪು ಚುಕ್ಕೆಗಳು ಅಥವಾ ಜೇಡರಬಲೆಯಂಥ ಎಳೆಗಳು ತೇಲುವುದು, ಮಿಂಚು ಹೊಳೆದಂತಾಗುವುದು, ಪರದೆ ಇಳಿದಂತಾಗುವುದು, ಒಂದು ಕಣ್ಣಿನ ದೃಷ್ಟಿ ದಿಢೀರನೆ ಕುಂದುವುದು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟದ್ದರ ದೋಷವನ್ನು ಮುಚ್ಚಿಡುತ್ತದೆ. ಆದುದರಿಂದ ವಾರಕ್ಕೊಮ್ಮೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಪಂಚಾಂಗವನ್ನೋ ಬಾಗಿಲ ಚೌಕಟ್ಟಿನ ನೇರ ಗೆರೆಯನ್ನೋ ನೋಡುವ ಅಭ್ಯಾಸ ಒಳ್ಳೆಯದು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ.

ಚಿಕಿತ್ಸೆಯ ದಾರಿಗಳು

ಆರಂಭದ ಹಂತದಲ್ಲಿ ಕಣ್ಣಿಗೆ ಪ್ರತ್ಯೇಕ ಚಿಕಿತ್ಸೆ ಬೇಕಾಗುವುದಿಲ್ಲ. ಸಕ್ಕರೆ, ಒತ್ತಡಗಳ ಹತೋಟಿ ಮತ್ತು ಕ್ರಮವಾದ ತಪಾಸಣೆ ಸಾಕು. ಹೊಸ ನಾಳಗಳು ಬೆಳೆದಾಗ ಲೇಸರ್ ಕಿರಣಗಳಿಂದ ಅಕ್ಷಿಪಟಲದ ಅಂಚಿನ ಭಾಗಗಳನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಸುಡುತ್ತಾರೆ. ಕಿರಣ ಚಿಕಿತ್ಸೆಯು ತೀವ್ರ ದೃಷ್ಟಿನಾಶದ ಸಂಭವವನ್ನು ಅರ್ಧಕ್ಕೂ ಹೆಚ್ಚು ತಗ್ಗಿಸುತ್ತದೆಂಬುದು 1976ರಲ್ಲಿ ಅಮೆರಿಕದ ಅಧ್ಯಯನದಿಂದ ಸಿದ್ಧವಾಯಿತು. ಇದರಿಂದ ಅಂಚಿನ ನೋಟವೂ ಕತ್ತಲೆಯಲ್ಲಿನ ನೋಟವೂ ಸ್ವಲ್ಪ ಕುಂದಬಹುದು. ನಡುವಿನ ದೃಷ್ಟಿಯನ್ನು ಉಳಿಸಲು ತೆರಬೇಕಾದ ಬೆಲೆಯದು.

ನಡುಭಾಗದ ಬಾವಿಗೆ ಈಗ ಮುಖ್ಯ ಚಿಕಿತ್ಸೆಯೆಂದರೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು. ನಾಳಗಳನ್ನು ಬೆಳೆಸುವ, ಸೋರಿಸುವ ರಾಸಾಯನಿಕವನ್ನು ಅದು ತಡೆಯುತ್ತದೆ. ರಾನಿಬಿಜುಮ್ಯಾಬ್ ಎಂಬ ಮದ್ದಿಗೆ ಈ ಬಾವಿನ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆಯಿತು. ಬೆವಾಸಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಮುಂತಾದವೂ ಬಳಕೆಯಲ್ಲಿವೆ. ಕಣ್ಣಿಗೆ ಸೂಜಿಯೆಂದರೆ ಎದೆ ನಡುಗುವುದು ಸಹಜ. ಮರಗಟ್ಟಿಸುವ ಹನಿ ಹಾಕಿ ಕೊಡುವುದರಿಂದ ನೋವು ಅತ್ಯಲ್ಪ. ಸಕಾಲದಲ್ಲಿ ಕೊಟ್ಟರೆ ಅನೇಕರಲ್ಲಿ ಮಸುಕಾದ ಅಕ್ಷರಗಳು ಒಂದಿಷ್ಟು ತಿಳಿಯಾಗುವುದೂ ಉಂಟು. ಆದರೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಪದೇ ಪದೇ ಬೇಕಾಗುತ್ತದೆ. "ಈಗ ಚೆನ್ನಾಗಿ ಕಾಣುತ್ತಿದೆ" ಎಂದು ನಡುವೆ ಬಿಟ್ಟವರಲ್ಲಿ ರೋಗವು ಮರುಕಳಿಸಿ ಹೆಚ್ಚಿನ ಹಾನಿ ಮಾಡುತ್ತದೆ. ಚುಚ್ಚುಮದ್ದಿನ ಬಳಿಕ ಕಣ್ಣು ಕೆಂಪೇರಿ ನೋವು ಹೆಚ್ಚಿದರೆ, ದೃಷ್ಟಿ ಕುಂದಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಮರಳಿ ಮರಳಿ ಬರುವುದು ಕಷ್ಟವೆನಿಸುವವರು ಅದನ್ನು ಮೊದಲೇ ತಜ್ಞರಿಗೆ ಹೇಳಿದರೆ, ಚಿಕಿತ್ಸೆಯ ದಾರಿಯನ್ನು ಅದಕ್ಕೆ ತಕ್ಕಂತೆ ಆರಿಸಲು ಅನುಕೂಲ.

ರಕ್ತ ಸುರಿದು ತಿಳಿಯಾಗದಿದ್ದಾಗ, ಅಕ್ಷಿಪಟಲವು ಸೆಳೆತದಿಂದ ಕಿತ್ತುಬಂದಾಗ ಉಳಿಯುವುದು ವಿಟ್ರೆಕ್ಟಮಿ ಎಂಬ ಸೂಕ್ಷ್ಮ ಶಸ್ತ್ರಚಿಕಿತ್ಸೆ. ರಾಬರ್ಟ್ ಮಾಖೆಮರ್ ಎಂಬ ವೈದ್ಯರು 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ಇದಕ್ಕೆ ಈಗಿನ ರೂಪದ ದಾರಿ ತೆರೆದರು. ಇದು ಅನೇಕ ಕಣ್ಣುಗಳನ್ನು ಪೂರ್ಣ ಕತ್ತಲೆಯಿಂದ ಉಳಿಸಿದೆ. ಹೋದ ದೃಷ್ಟಿಯನ್ನೆಲ್ಲ ಮರಳಿಸುವ ಶಕ್ತಿ ಮಾತ್ರ ಇದಕ್ಕಿಲ್ಲ.

ಖರ್ಚಿನ ಚಿಂತೆಯಿಂದ ಹಿಂಜರಿಯುವವರು ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿರುವ ನೇತ್ರ ವಿಭಾಗಗಳಲ್ಲಿ ವಿಚಾರಿಸಬೇಕು. 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯೂ ಸರಕಾರದ್ದೇ. ತಪಾಸಣೆಗೆ ಆಗುವ ವೆಚ್ಚವು ತಡವಾದ ಮೇಲಿನ ಶಸ್ತ್ರಚಿಕಿತ್ಸೆಯ ವೆಚ್ಚದ ಮುಂದೆ ಅತ್ಯಲ್ಪ.

ಮನೆಯವರ ಹೊಣೆ

ಈ ರೋಗದಲ್ಲಿ ಕಣ್ಣು ತಾನಾಗಿ ಕೂಗಿ ಹೇಳುವುದಿಲ್ಲವಾದ್ದರಿಂದ ಮನೆಯವರು ಕೇಳಬೇಕು. ನಮ್ಮ ತಾಯಂದಿರು ಮನೆಮಂದಿಗೆಲ್ಲ ಗುಳಿಗೆ ನೆನಪಿಸುತ್ತಾರೆ. ತಮ್ಮ ಕಣ್ಣು ಮಂಜಾದುದನ್ನು ಮಾತ್ರ ಅಕ್ಕಿಯಲ್ಲಿ ಕಲ್ಲು ಕಾಣದಾಗುವವರೆಗೆ ಹೇಳುವುದಿಲ್ಲ. ಅವರನ್ನು ವಿಶೇಷವಾಗಿ ಕೇಳಬೇಕು. ಮಧುಮೇಹವಿರುವ ಪ್ರತಿಯೊಬ್ಬರಿಗೂ ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಅದನ್ನು ಹಬ್ಬದ ದಿನದಂತೆ ಪಂಚಾಂಗದಲ್ಲಿ ಗುರುತು ಹಾಕಿಡಿ. ನಮ್ಮ ಸಂಘಗಳೂ ಮಠಗಳೂ ಆರೋಗ್ಯ ಶಿಬಿರಗಳನ್ನು ಏರ್ಪಡಿಸುವಾಗ ಬೆರಳಿನ ರಕ್ತ ತೆಗೆದು ಸಕ್ಕರೆ ನೋಡುವುದರ ಜೊತೆಗೆ ಅಕ್ಷಿಪಟಲದ ತಪಾಸಣೆಯನ್ನೂ ಸೇರಿಸಿದರೆ ಅದು ದೊಡ್ಡ ದಾಸೋಹವಾದೀತು.

ಊರಿನಿಂದ ಹೊರಡುವ ಮುನ್ನ ಮಾವನವರ ಮಗನನ್ನು ಕರೆದು ಕುಳ್ಳಿರಿಸಿದೆ. ಅವನಿಗೆ ವಯಸ್ಸು ನಲವತ್ತೆರಡು. ಸಕ್ಕರೆ ಕಾಯಿಲೆ ಬಂದು ಮೂರು ವರ್ಷ. "ನನಗೆ ಚೆನ್ನಾಗಿಯೇ ಕಾಣುತ್ತದೆಯಲ್ಲ, ಈಗೇಕೆ?" ಎಂದ. ನಾನು ಉತ್ತರ ಹೇಳುವ ಮೊದಲೇ ಪಡಸಾಲೆಯಿಂದ ಮಾವನವರು, "ನನಗೂ ಚೆನ್ನಾಗಿಯೇ ಕಾಣುತ್ತಿತ್ತಪ್ಪಾ. ನಾಳೆಯೇ ಹೋಗು" ಎಂದರು.

ಅವನು ಹೋಗಿ ತೋರಿಸಿಕೊಂಡು ಬಂದ. ಎರಡೂ ಕಣ್ಣುಗಳಲ್ಲಿ ಆರಂಭದ ಕೆಲವು ಚುಕ್ಕೆಗಳಿದ್ದವು. ಈಗ ಲೇಸರ್ ಬೇಡ, ಚುಚ್ಚುಮದ್ದೂ ಬೇಡ. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಗೆ ತಂದು ಮತ್ತೆ ಬರಬೇಕೆಂದು ತಜ್ಞರು ದಿನಾಂಕ ಬರೆದು ಕೊಟ್ಟಿದ್ದಾರೆ. ಆ ಚೀಟಿಯನ್ನು ಸೊಸೆ ಪಡಸಾಲೆಯ ಪಂಚಾಂಗಕ್ಕೆ ಸಿಕ್ಕಿಸಿಟ್ಟಿದ್ದಾಳೆ.